ಓದಿಸಿಕೊಂಡ ಕಾಗದಗಳು

ಶಾರ್ಜಾ
5 ಜನವರಿ 2025

ಪ್ರಿಯ ಸಂಚಿತಾ,

ಈ ಕಾಗದ ಮೊಯ್ದೀನಬ್ಬ ಕಾಕನ ಕೈಯಲ್ಲಿ ಮಂಗಳೂರಿಗೆ ಬರುತ್ತಿದೆ. ಅವರ ಪೆಟ್ಟಿಗೆಯಲ್ಲಿ ಖರ್ಜೂರ, ಹಾಲಿನ ಪುಡಿ, ಯಾರದೋ ಮಗುವಿನ ಆಟದ ಕಾರು, ಇವುಗಳ ನಡುವೆ ನನ್ನ ಲಕೋಟೆ. "ವಾಟ್ಸಪ್ ಇರುವಾಗ ಇದೆಂತ ಮಗಳೇ, ನಾನು ಪೋಸ್ಟ್‌ಮ್ಯಾನಾ?" ಎಂದು ಗೊಣಗಿದರು. ನಮ್ಮ ನಿಯಮ ಅವರಿಗೆಲ್ಲಿ ಅರ್ಥವಾಗಬೇಕು? ಫೋನಿನಲ್ಲಿ ಬಿಸಿಲು, ಮೀನಿನ ಸಾರು, ಮಕ್ಕಳ ಶೀತ. ಮನಸ್ಸಿನದು ಕಾಗದದಲ್ಲಿ. ಈ ಒಂದೇ ಕೋಣೆಯ ಫ್ಲ್ಯಾಟಿನಲ್ಲಿ ಫೋನು ಹಿಡಿದರೆ ಪಕ್ಕದ ಮನೆಯವಳೂ ನಡುವೆ ಬಾಯಿ ಹಾಕುತ್ತಾಳೆ.

ನಿನ್ನ ಥೀಸಿಸ್ ಎಲ್ಲಿಗೆ ಬಂತು? ಗಲ್ಫಿನಿಂದ ನಮ್ಮ ಕುದ್ರೋಳಿಗೆ ಬರುತ್ತಿದ್ದ ಹಳೆಯ ಕಾಗದಗಳ ಮೇಲೆ ಪಿಎಚ್‌ಡಿ ಮಾಡುತ್ತೇನೆ ಎಂದು ನೀನು ಹೇಳಿದ ದಿನ ಉಮ್ಮ ನಕ್ಕದ್ದು ನೆನಪುಂಟಾ? "ಅದರಲ್ಲಿ ಎಂತ ಉಂಟು ಓದ್ಲಿಕ್ಕೆ? ಕ್ಷೇಮ, ಕ್ಷೇಮ, ಕ್ಷೇಮ!" ಅಂದಿದ್ದರು. ಪಾಪ, ಸರಿಯಾಗಿಯೇ ಹೇಳಿದ್ದರು.

ಅಶ್ರಫ್ ಅಣ್ಣನ ಮಗಳು ಹಸ್ನಾ ಈಗ ನಿನ್ನ ಕ್ಲಾಸಿನಲ್ಲಿ ಇದ್ದಾಳಂತೆ. ನನ್ನ ಅಣ್ಣನ ಮಗಳು ಅಂತ ಮಾರ್ಕು ಧಾರಾಳ ಕೊಡಬೇಡ. ಉಮ್ಮನ ಜೊತೆಗೇ ಇದ್ದು, ಅಜ್ಜಿಯ ಮುದ್ದಿನಲ್ಲಿ ಆಗಲೇ ಅರ್ಧ ಹಾಳಾಗಿದ್ದಾಳೆ.

ಇನ್ನು ಮುಂದಿನದು ನಿನಗೆ ಮಾತ್ರ. ಉಮ್ಮನಿಗೆ ಗೊತ್ತಾಗಬಾರದು.

ನಾನು ಮಗಳನ್ನು ಕರೆದುಕೊಂಡು ಊರಿಗೆ ವಾಪಸು ಬರಬೇಕೆಂದಿದ್ದೇನೆ. ಜಗಳವೇನೂ ಇಲ್ಲ, ಶಾಹುಲ್ ಒಳ್ಳೆಯವರೇ. ಅವರ ಕೆಲಸ ಇಲ್ಲಿ, ಅವರು ಇಲ್ಲೇ ಇರುತ್ತಾರೆ. ನನಗೆ ಮಾತ್ರ ಈ ಕಿಟಕಿಯಿಂದ ಎದುರಿನ ಕಿಟಕಿ ನೋಡಿ ನೋಡಿ ಸಾಕಾಗಿದೆ. ಮದುವೆಗೆ ಮೊದಲು ಪ್ರೆಸ್ಸಿನಲ್ಲಿ ಟೈಪ್ ಮಾಡುತ್ತಿದ್ದೆನಲ್ಲ, ಆ ಕೆಲಸ ನನಗೆ ಇಷ್ಟವಿತ್ತು. ಕುದ್ರೋಳಿಯಲ್ಲಿ ಒಂದು ಕೋಣೆ ಹಿಡಿದು ಮಕ್ಕಳ ಪ್ರಾಜೆಕ್ಟು, ಥೀಸಿಸ್, ಆಫೀಸಿನ ವರದಿ ಎಲ್ಲ ಟೈಪ್ ಮಾಡಿ ಚೊಕ್ಕ ಮಾಡಿ ಕೊಡಬೇಕು, ಬಾಗಿಲಿಗೆ ನನ್ನದೇ ಬೋರ್ಡು ಹಾಕಬೇಕು ಎಂದು ಆಸೆ. ಶಾಹುಲ್ "ನೀನೇ ತೀರ್ಮಾನ ಮಾಡು, ಈದ್‌ಗೆ ಮೊದಲು ಹೇಳು" ಎಂದಿದ್ದಾರೆ. ಈದ್ ಕಳೆದರೆ ಫ್ಲ್ಯಾಟಿನ ಕರಾರು ಹೊಸದಾಗುತ್ತದೆ, ಮಗಳ ಶಾಲೆಯೂ ಇಲ್ಲೇ ಮುಂದುವರಿಯುತ್ತದೆ. ಆಮೇಲೆ ಈ ಮಾತು ಎತ್ತುವ ಧೈರ್ಯ ನನಗೆ ಇನ್ನೊಮ್ಮೆ ಬರಲಿಕ್ಕಿಲ್ಲ.

ಗಂಡನನ್ನು ಅಲ್ಲಿ ಬಿಟ್ಟು ಬಂದಳು ಎಂದು ಬೀದಿ ಮಾತಾಡುತ್ತದೆ. ಉಮ್ಮ ಅಳುತ್ತಾರೆ. ಅದೆಲ್ಲ ಗೊತ್ತುಂಟು. ಅಂದು ಮದುವೆಯಾಗಿ ನಾನು ವಿಮಾನ ಹತ್ತುವ ಮೊದಲು "ಹೋಗಬೇಡ" ಎಂದವಳು ನೀನೊಬ್ಬಳೇ. ಉಳಿದವರೆಲ್ಲ ಸೀರೆಯ ಬಣ್ಣ ನೋಡುತ್ತಿದ್ದರು. ಹಾಗಾಗಿ ನಿನ್ನನ್ನೇ ಕೇಳುತ್ತಿದ್ದೇನೆ. ನಾನು ಬರಲಾ? ಬಾ ಎಂದಾದರೆ ಬಾ ಎಂದು ಬರೆ. ಹುಚ್ಚು ಎಂದಾದರೆ ಅದನ್ನೂ ಬರೆ. ನಿನ್ನ ಮಾತು ಬರುವ ತನಕ ನಾನು ಯಾರ ಹತ್ತಿರವೂ ಬಾಯಿ ಬಿಡುವುದಿಲ್ಲ.

ನಿನ್ನ
ಸಬೀನಾ


ಶಕ್ತಿನಗರ, ಮಂಗಳೂರು
27 ಜನವರಿ 2025

ಪ್ರಿಯ ಸಬೀನಾ,

ನಿನ್ನ ಕಾಗದ ತಲುಪಿತು. ಇಲ್ಲಿ ಎಲ್ಲರೂ ಕ್ಷೇಮ. ಅಣ್ಣ, ಅತ್ತಿಗೆ, ಮಕ್ಕಳು ಚೆನ್ನಾಗಿದ್ದಾರೆ. ಚಳಿ ಎಂದು ಹೇಳುವಷ್ಟು ಚಳಿ ಈ ಸಲ ಬರಲಿಲ್ಲ.

ಥೀಸಿಸ್ ನಡೆಯುತ್ತಿದೆ. ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬಿನ ಲ್ಯಾನ್ಸಿ ನನ್ನ ಲ್ಯಾಪ್‌ಟಾಪಿನಲ್ಲಿದ್ದ ಕದ್ದ ಸಾಫ್ಟ್‌ವೇರ್‌ಗಳನ್ನೆಲ್ಲ ತೆಗೆದು ಲಿಬ್ರೆ ಆಫೀಸ್ ಎಂಬ ಟೈಪಿಂಗ್ ತಂತ್ರಾಂಶ ಹಾಕಿಕೊಟ್ಟಿದ್ದಾನೆ. "ಇದು ಯಾರಪ್ಪನದ್ದೂ ಅಲ್ಲ ಮ್ಯಾಮ್, ಎಲ್ಲರದ್ದು. ದುಡ್ಡೂ ಇಲ್ಲ, ಭಯವೂ ಇಲ್ಲ" ಎನ್ನುತ್ತಾನೆ. ಅಡಿಟಿಪ್ಪಣಿಗಳನ್ನು ಜೊಟೆರೊ ಎಂಬ ಇನ್ನೊಂದು ತಂತ್ರಾಂಶ ನೋಡಿಕೊಳ್ಳುತ್ತದೆ. ಯಾವ ಪುಸ್ತಕ, ಯಾವ ಪುಟ ಎಂದು ಒಮ್ಮೆ ಹೇಳಿಟ್ಟರೆ ಸಾಕು, ಪುಸ್ತಕಗಳ ಪಟ್ಟಿಯನ್ನು ತಾನೇ ಜೋಡಿಸುತ್ತದೆ. ಈ ಕಾಗದವನ್ನೂ ಲಿಬ್ರೆ ಆಫೀಸಿನಲ್ಲೇ ಟೈಪ್ ಮಾಡಿದ್ದೇನೆ.

ಮುಂದಿನ ಸಲ ನೀನೂ ಟೈಪ್ ಮಾಡಿ ಫೈಲನ್ನು ಮೈಲ್‌ನಲ್ಲಿ ಕಳಿಸು. ಅದು ಒಳ್ಳೆಯದು. ಬೇಗ ತಲುಪುತ್ತದೆ.

ಹಸ್ನಾ ಪ್ರತಿ ಶನಿವಾರ ನಮ್ಮ ಮನೆಗೆ ಬರುತ್ತಾಳೆ, ಕೆಲಸಕ್ಕೆ ಸಹಾಯ ಮಾಡುತ್ತಾಳೆ. ಒಳ್ಳೆಯ ಹುಡುಗಿ. ಅರ್ಧ ಹಾಳಾಗಿಲ್ಲ.

ಮನೆಯವರಿಗೆಲ್ಲ ನನ್ನ ನೆನಪು ಹೇಳು.

ನಿನ್ನ
ಸಂಚಿತಾ


ಶಾರ್ಜಾ
12 ಫೆಬ್ರವರಿ 2025

ಸಂಚಿತಾ ಮೇಡಂ ಅವರಿಗೆ,

ನಿಮ್ಮ ನೋಟಿಸು ತಲುಪಿತು. ಬ್ಯಾಂಕಿನವರು ಇದಕ್ಕಿಂತ ಪ್ರೀತಿಯಿಂದ ಬರೆಯುತ್ತಾರೆ.

ಎಂತ ಆಯ್ತು ಮಾರಾಯ್ತಿ ನಿನಗೆ? ಲಕೋಟೆ ಸಿಕ್ಕಿದ ಕೂಡಲೇ ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿ ಓದಿದೆ. ಅದರಲ್ಲಿ ಚಳಿ ಬರಲಿಲ್ಲವಂತೆ, ಲ್ಯಾನ್ಸಿ ಬಂದನಂತೆ! ನಾನು ಒಂದು ಮಾತು ಕೇಳಿದ್ದೆ. ಅದಕ್ಕೆ ಉತ್ತರ ಎಲ್ಲಿ? ಬೇಡ ಎನ್ನಬಹುದಿತ್ತು, ಬೈಯಬಹುದಿತ್ತು. ಕೇಳಲೇ ಇಲ್ಲ ಎಂಬ ಹಾಗೆ ಕೂತಿದ್ದೀಯಲ್ಲ, ಅದು ನನಗೆ ನೋವಾಯಿತು.

ಟೈಪ್ ಮಾಡಿ ಕಳಿಸಬೇಕಂತೆ. ಯಾಕೆ, ನನ್ನ ಅಕ್ಷರ ಓದಲಿಕ್ಕೆ ಆಗುವುದಿಲ್ಲವಾ? ಶಾಲೆಯಲ್ಲಿ ನಿನ್ನ ನೋಟ್ಸ್ ಬರೆದುಕೊಟ್ಟದ್ದು ಇದೇ ಕೈ. ಡಾಕ್ಟರ್ ಆಗುವ ಮೊದಲೇ ಇಷ್ಟು ಗತ್ತು ಬಂದರೆ ಆದ ಮೇಲೆ ಹೇಗೋ.

ನಾನು ಕೈಯಲ್ಲೇ ಬರೆಯುತ್ತೇನೆ. ನಾನು ಕೇಳಿದ್ದನ್ನು ಯಾರ ಹತ್ತಿರವೂ ಹೇಳಿಲ್ಲ ತಾನೆ? ಅಷ್ಟಾದರೂ ತಿಳಿಸು. ಈ ತಿಂಗಳ ಕೊನೆಗೆ ರಂಜಾನಿನ ನೋಂಬು ಶುರುವಾಗುತ್ತದೆ. ಆಮೇಲೆ ಈದ್ ಎಷ್ಟು ದೂರ?

ಸಬೀನಾ


ಶಕ್ತಿನಗರ, ಮಂಗಳೂರು
22 ಫೆಬ್ರವರಿ 2025

ಪ್ರಿಯ ಸಬೀನಾ,

ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಕಾಗದ ಇವತ್ತು ಬಂತು. ಹಸ್ನಾ ಇಲ್ಲೇ ಕೂತಿದ್ದಾಳೆ, ಸಲಾಂ ಹೇಳಿದ್ದಾಳೆ.

ನಿನಗೆ ಬೇಸರ ಮಾಡುವ ಉದ್ದೇಶ ನನ್ನದಲ್ಲ. ಯಾರಿಗೂ ಏನೂ ಹೇಳಿಲ್ಲ. ನಿನ್ನ ಅಕ್ಷರದ ಮೇಲೆ ನನಗೆ ಯಾವ ದೂರೂ ಇಲ್ಲ, ಆ ಅಕ್ಷರ ಇಲ್ಲದಿದ್ದರೆ ನಾನು ಎಸ್ಸೆಸ್ಸೆಲ್ಸಿ ದಾಟುತ್ತಿರಲಿಲ್ಲ. ಆದರೆ ನೀನು ಕೇಳಿದ್ದನ್ನು ದಯವಿಟ್ಟು ಇನ್ನೊಮ್ಮೆ ಟೈಪ್ ಮಾಡಿ ಮೈಲ್‌ನಲ್ಲಿ ಕಳಿಸು. ಕಾಗದದಲ್ಲಿ ಬೇಡ. ಕಾರಣ ಈಗ ಕೇಳಬೇಡ.

ಉಳಿದಂತೆ ವಿಶೇಷವೇನಿಲ್ಲ. ಥೀಸಿಸ್ಸಿನ ಮೂರನೆಯ ಅಧ್ಯಾಯ ಮುಗಿಯುತ್ತಾ ಬಂತು. ನಮ್ಮ ಗೈಡ್ ಸರ್ವೋತ್ತಮ ಸರ್ ಜೂನ್‌ನಲ್ಲಿ ಒಪ್ಪಿಸಲೇಬೇಕು ಎಂದಿದ್ದಾರೆ.

ನಿನ್ನ
ಸಂಚಿತಾ


ಶಾರ್ಜಾ
9 ಮಾರ್ಚ್ 2025
(ಮೈಲ್‌ನಲ್ಲಿ ಕಳಿಸಿದ್ದು)

ಸಂಚಿತಾ,

ಇಗೋ, ಟೈಪ್ ಮಾಡಿದ್ದೇನೆ. ಪ್ರೆಸ್ಸಿನಿಂದ ತಂದಿದ್ದ ಹಳೆಯ ಕನ್ನಡ ಪ್ರೋಗ್ರಾಮ್ ಸೀಡಿಯಿಂದ ಹಾಕಿದೆ. ಇಷ್ಟು ವರ್ಷವಾದರೂ ಬೆರಳು ಮರೆತಿಲ್ಲ. ನೋಂಬು ಹಿಡಿದು ಬಾಯಿ ಒಣಗಿದೆ, ಆದರೂ ಬರೆಯದೆ ಕೂರಲಿಕ್ಕೆ ಆಗಲಿಲ್ಲ.

ನಿನ್ನ ಎರಡನೆಯ ಕಾಗದ ಓದಿ ಮೊದಲು ಹರಿದು ಹಾಕಲು ಹೊರಟಿದ್ದೆ. ಹೊರಟವಳು ನಿಂತೆ. ಈ ಥರದ ಕಾಗದ ನಾನು ಎಲ್ಲೋ ಓದಿದ್ದೇನಲ್ಲ ಎನಿಸಿತು.

ನಮ್ಮ ಬೀದಿಯ ಬೀಫಾತಿಮ್ಮ ನೆನಪುಂಟಲ್ಲ? ಗಂಡ ಜಿದ್ದಾದಲ್ಲಿದ್ದರು. ಬೀಫಾತಿಮ್ಮನಿಗೆ ಓದು ಬರುತ್ತಿರಲಿಲ್ಲ. ಕಾಗದ ಬಂದರೆ ನನ್ನನ್ನು ಕರೆಸುವುದು, ನಾನು ಓದುವುದು, ಉತ್ತರವನ್ನೂ ನಾನೇ ಬರೆಯುವುದು. ಬೀದಿಯ ಎಷ್ಟು ಹೆಂಗಸರಿಗೆ ಹಾಗೆ ಓದಿಲ್ಲ ನಾನು! ಆ ಕಾಗದಗಳಲ್ಲಿ ಕ್ಷೇಮ ಬಿಟ್ಟು ಏನೂ ಇರುತ್ತಿರಲಿಲ್ಲ. ಓದುವವಳು ಬೇರೆಯವಳು, ಕೇಳಿಸಿಕೊಳ್ಳುವವರು ಮನೆ ತುಂಬ. ಗಂಡ ಹೆಂಡತಿಗೆ ಮತ್ತೆ ಎಂತ ಬರೆಯುವುದು? ಒಮ್ಮೆ ಮಾತ್ರ ಆ ಮನುಷ್ಯ ತಡೆಯಲಾರದೆ "ನಿನ್ನ ನೆನಪಿನಿಂದ" ಎಂದು ಶುರುಮಾಡಿದ್ದರು. ನಾನು ಜೋರಾಗಿ ಓದುತ್ತಿದ್ದೆ. ಬೀಫಾತಿಮ್ಮ ಕೈ ಚಾಚಿ ಕಾಗದ ಕಸಿದುಕೊಂಡು "ಸಾಕು ಮಗಳೇ" ಅಂದರು. ಮಡಚಿ ರವಕೆಯೊಳಗೆ ಇಟ್ಟುಕೊಂಡರು. ಅದರಲ್ಲಿ ಮುಂದೆ ಏನಿತ್ತು ಎಂದು ಅವರಿಗೆ ಯಾವತ್ತೂ ಗೊತ್ತಾಗಲಿಲ್ಲ.

ನಿನ್ನ ಎರಡೂ ಕಾಗದ ಹಾಗೆಯೇ ಉಂಟು ಸಂಚಿತಾ. ಇಲ್ಲಿ ಎಲ್ಲರೂ ಕ್ಷೇಮ. ಹಸ್ನಾ ಇಲ್ಲೇ ಕೂತಿದ್ದಾಳೆ. ಮತ್ತೆ ನಿನ್ನ ಸಹಿ ನೋಡಿದೆ. ಅಚ್ಚಾದ ಸಾಲಿನ ಮೇಲೆಯೇ ಹತ್ತಿ ಕೂತಿದೆ. ಎರಡರಲ್ಲೂ.

ನಿನ್ನ ಕಾಗದ ಯಾರು ಓದಿ ಹೇಳುತ್ತಾರೆ? ಹಸ್ನಾಳಾ? ನಿನ್ನ ಕಣ್ಣಿಗೆ ಎಂತ ಆಗಿದೆ?

ನನ್ನ ಪ್ರಶ್ನೆ ಪಕ್ಕಕ್ಕಿರಲಿ. ನೀನು ಮೊದಲು ಇದಕ್ಕೆ ಉತ್ತರ ಕೊಡು. ನನಗೆ ಹೆದರಿಕೆಯಾಗುತ್ತಿದೆ.

ಸಬೀನಾ


ಮಂಗಳೂರು
11 ಮಾರ್ಚ್ 2025

ಪ್ರಿಯ ಸಬೀನಾ,

ನೀನು ಕಳಿಸಿದ ಫೈಲು ಬಂತು. ಬಾಗಿಲು ಹಾಕಿ, ಇಯರ್‌ಫೋನ್ ಸಿಕ್ಕಿಸಿ ತೆರೆದೆ. ಅದು ಇಂಗ್ಲಿಷಿನ ಬಿಡಿ ಅಕ್ಷರ, ಕಂಸ, ಶೇಕಡಾ ಚಿಹ್ನೆ ಎಂದು ಏನೇನೋ ಬಡಬಡಿಸಿತು. ಕೊನೆಯ ತನಕ ಕೇಳಿದೆ, ಎಲ್ಲಾದರೂ ಒಂದು ಕನ್ನಡದ ಪದ ಬಂದೀತು ಎಂದು. ಬರಲಿಲ್ಲ. ನನಗೆ ಅಳು ಬಂತು.

ಈಗ ಹೇಳಲೇಬೇಕು. ನನಗೆ ಅಕ್ಷರ ಕಾಣುವುದಿಲ್ಲ ಸಬೀನಾ. ರೆಟಿನಾದ ಕಾಯಿಲೆ. ಎರಡು ವರ್ಷದಿಂದ ಸ್ವಲ್ಪ ಸ್ವಲ್ಪವಾಗಿ ಹೋಗುತ್ತಾ ಬಂತು. ಬೆಳಕು, ಬಾಗಿಲು, ಮನುಷ್ಯರ ಆಕಾರ ತಿಳಿಯುತ್ತದೆ, ಅಷ್ಟೆ. ಡಾಕ್ಟರು ಇದನ್ನು ವಾಪಸು ತರಲಾಗುವುದಿಲ್ಲ ಎಂದಿದ್ದಾರೆ. ಅಣ್ಣನಿಗೆ ಗೊತ್ತು, ಲ್ಯಾನ್ಸಿಗೆ ಗೊತ್ತು. ಹಸ್ನಾಳಿಗೆ ಕಣ್ಣುನೋವು ಎಂದಿದ್ದೇನೆ. ಸರ್ವೋತ್ತಮ ಸರ್‌ಗೆ ಹೇಳಿಲ್ಲ. ಹೇಳಿದರೆ "ಪಾಪ, ಯಾಕೆ ಕಷ್ಟಪಡ್ತೀರಿ, ಬಿಡಿ" ಎನ್ನುತ್ತಾರೆ. ಆ ಪಾಪ ಎಂಬ ಶಬ್ದಕ್ಕೆ ನಾನು ಹೆದರುತ್ತೇನೆ. ನಿನಗೂ ಅದಕ್ಕೇ ಹೇಳಲಿಲ್ಲ.

ನಿನ್ನ ಮೊದಲನೆಯ ಕಾಗದವನ್ನು ಹಸ್ನಾ ಓದಿದಳು. ತಾನು ಅರ್ಧ ಹಾಳಾಗಿದ್ದೇನೆ ಎಂಬಲ್ಲಿ ಬಿದ್ದು ಬಿದ್ದು ನಕ್ಕಳು. ಆಮೇಲೆ "ಇನ್ನು ಮುಂದಿನದು ನಿನಗೆ ಮಾತ್ರ, ಉಮ್ಮನಿಗೆ ಗೊತ್ತಾಗಬಾರದು" ಎಂದು ಓದುವಾಗ ಅವಳ ಸ್ವರ ಸಣ್ಣದಾಯಿತು. ನಾನು ಸಾಕು ಎಂದು ಕಾಗದ ತೆಗೆದುಕೊಂಡೆ. ಅಜ್ಜಿಯ ಜೊತೆ ಒಂದೇ ಮನೆಯಲ್ಲಿ ಊಟ ಮಾಡುವ ಹುಡುಗಿ ಅವಳು. ನಿನ್ನ ಗುಟ್ಟನ್ನು ಅವಳ ತಲೆಗೆ ಕಟ್ಟಿ, ಅಜ್ಜಿಯ ಮುಖ ನೋಡಿ ಸುಳ್ಳು ಹೇಳು ಎನ್ನುವುದು ಹೇಗೆ? ಅತ್ತಿಗೆಗೆ ಕೊಟ್ಟರೆ ಶಕ್ತಿನಗರಕ್ಕೆಲ್ಲ ಗೊತ್ತಾಗುತ್ತದೆ. ಕಾಗದ ನನ್ನ ಕಪಾಟಿನಲ್ಲಿ ಹಾಗೆಯೇ ಉಂಟು. ನೀನು ಕೇಳಿದ್ದು ಎಂತ ಎಂದೇ ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆ ಉತ್ತರ ಬರೆಯಲಾರದೆ ಚಳಿಯ ಬಗ್ಗೆ ಬರೆದೆ. ನಿನ್ನ ಎರಡನೆಯ ಕಾಗದವನ್ನೂ ಹಸ್ನಾಳೇ ಓದಿದಳು, ಪುಣ್ಯಕ್ಕೆ ಅದರಲ್ಲಿ ಗುಟ್ಟು ಏನೆಂದು ಇರಲಿಲ್ಲ.

ಲ್ಯಾನ್ಸಿ ನನ್ನ ಲ್ಯಾಪ್‌ಟಾಪಿಗೆ ಎನ್‌ವಿಡಿಎ ಎಂಬ ಇನ್ನೊಂದು ತಂತ್ರಾಂಶ ಹಾಕಿದ್ದಾನೆ. ಪರದೆಯ ಮೇಲಿನದನ್ನು ಅದು ಓದಿ ಹೇಳುತ್ತದೆ, ಕನ್ನಡವನ್ನೂ. ಅದೂ ಪುಕ್ಕಟೆಯೇ. ಅದನ್ನು ಕಟ್ಟಿದವರಿಗೂ ಕಣ್ಣು ಕಾಣುವುದಿಲ್ಲವಂತೆ. ಕೈಬರಹವನ್ನು ಮಾತ್ರ ಓದಲಾರದು. ಟೈಪ್ ಮಾಡು ಎಂದದ್ದು ಅದಕ್ಕೆ.

ನಿನ್ನ ಫೈಲನ್ನು ಅದು ಓದದಿರಲು ಕಾರಣವೂ ಲ್ಯಾನ್ಸಿಯಿಂದ ತಿಳಿಯಿತು. ಪ್ರೆಸ್ಸಿನ ಹಳೆಯ ಫಾಂಟು ಕಣ್ಣಿಗೆ ಮಾತ್ರ ಕನ್ನಡವಂತೆ. ಒಳಗಿರುವುದು ಇಂಗ್ಲಿಷ್ ಅಕ್ಷರಗಳ ರಾಶಿ. ಯಂತ್ರಕ್ಕೆ ಒಳಗಿನದೇ ಕಾಣುವುದು. "ಕೊಡಿ ಮ್ಯಾಮ್, ಒಳಗೂ ಕನ್ನಡವೇ ಇರುವ ಯೂನಿಕೋಡಿಗೆ ಬದಲಾಯಿಸಿ ಕೊಡ್ತೇನೆ, ಐದು ನಿಮಿಷದ ಕೆಲಸ" ಎಂದ. ಬೇಡ ಎಂದೆ. ಬದಲಾದದ್ದು ಸರಿಯಾಯಿತೋ ಇಲ್ಲವೋ ನೋಡಲಿಕ್ಕೆ ಅವನು ಓದಬೇಕಲ್ಲ.

ನೀನು ಲಿಬ್ರೆ ಆಫೀಸ್ ಇಳಿಸಿಕೋ. ಕಂಪ್ಯೂಟರಿನಲ್ಲಿ ಕನ್ನಡ ಯೂನಿಕೋಡ್ ಹಾಕಿಕೋ. ನಿನ್ನ ಪ್ರೆಸ್ಸಿನ ಕೀಲಿಗಳ ಜೋಡಣೆಯೇ ಅದರಲ್ಲೂ ಸಿಗುತ್ತದೆ, ಬೆರಳು ಹೊಸದಾಗಿ ಕಲಿಯಬೇಕಾಗಿಲ್ಲ. ಆಮೇಲೆ ಬರೆ. ಈ ಸಲ ನಾನೇ ಓದುತ್ತೇನೆ.

ನಿನ್ನ
ಸಂಚಿತಾ


ಶಾರ್ಜಾ
16 ಮಾರ್ಚ್ 2025

ಕಳ್ಳೀ,

ಎರಡು ವರ್ಷ! ಫೋನಿನಲ್ಲಿ ನನ್ನ ಮಗಳ ಫೋಟೋ ಕಳಿಸಿದರೆ "ಎಷ್ಟು ಚಂದ ಕಾಣ್ತಾಳೆ" ಅಂದೆಯಲ್ಲ! ನಿನ್ನನ್ನು ಎದುರಿಗೆ ಕೂರಿಸಿ ಚೆನ್ನಾಗಿ ಬೈಯಬೇಕು. ಆಮೇಲೆ ತಬ್ಬಿಕೊಂಡು ಅಳಬೇಕು. ಈಗ ಅಡುಗೆಮನೆಯಲ್ಲಿ ಕೂತು ಅದನ್ನೇ ಮಾಡುತ್ತಿದ್ದೇನೆ. ಶಾಹುಲ್ ನೋಡಿ "ಈರುಳ್ಳಿಯಾ?" ಎಂದರು. ಹೌದು ಎಂದೆ.

ನೀನು ಹೇಳಿದ್ದನ್ನೆಲ್ಲ ಹಾಕಿಕೊಂಡೆ. ಈ ಕಾಗದ ಲಿಬ್ರೆ ಆಫೀಸಿನದು, ಯೂನಿಕೋಡಿನದು. ಹೋದ ಸಲ ಕಳಿಸಿದ್ದರಲ್ಲಿ ನಿನ್ನ ಕಣ್ಣಿಗೆ ಎಂತ ಆಯ್ತು ಎಂದು ನಾನೇ ಕೇಳಿದ್ದೆ. ನೀನು ಅದನ್ನು ಓದದೆಯೇ ಉತ್ತರ ಬರೆದಿದ್ದೀಯ. ಅದನ್ನು ಪುನಃ ಟೈಪ್ ಮಾಡಿ ಕೆಳಗೆ ಸೇರಿಸಿದ್ದೇನೆ. ಬೀಫಾತಿಮ್ಮನ ಕಥೆ ಉಂಟು, ನಿನ್ನ ಥೀಸಿಸ್ಸಿಗೆ ಬೇಕಾದೀತು.

ಇನ್ನು ಕಪಾಟಿನಲ್ಲಿರುವ ಕಾಗದದ ವಿಷಯ. ನಾನು ಮಗಳನ್ನು ಕರೆದುಕೊಂಡು ಊರಿಗೆ ಬರಲಾ ಎಂದು ಕೇಳಿದ್ದೆ. ಶಾಹುಲ್ ಇಲ್ಲೇ ಇರುತ್ತಾರೆ, ಅವರ ಒಪ್ಪಿಗೆ ಉಂಟು. ಕುದ್ರೋಳಿಯಲ್ಲಿ ಒಂದು ಟೈಪಿಂಗ್ ಕೋಣೆ ಹಾಕುವ ಆಸೆ, ನನ್ನ ಹೆಸರಿನ ಬೋರ್ಡು. ಉಮ್ಮನಿಗೆ ಹೇಳಿಲ್ಲ. ನೀನು ಬಾ ಎಂದರೆ ಬರುತ್ತೇನೆ ಎಂದು ಬರೆದಿದ್ದೆ. ಈದ್‌ಗೆ ಮೊದಲು ಶಾಹುಲ್‌ಗೆ ಹೇಳಬೇಕು.

ನಿನ್ನಿಂದ ಉತ್ತರ ಬಾರದಿದ್ದಾಗ, ಇದು ಹುಚ್ಚೇ ಇರಬೇಕು, ಸಂಚಿತಾ ಬಾಯಿಬಿಟ್ಟು ಹೇಳಲಾರದೆ ಸುಮ್ಮನಿದ್ದಾಳೆ ಎಂದುಕೊಂಡೆ. ನೋಂಬು ಶುರುವಾಗುವ ಮೊದಲೇ ಶಾಹುಲ್‌ಗೆ "ಬೇಡ, ಕರಾರು ಮುಂದುವರಿಸಿ" ಎಂದು ಹೇಳಿಯೂ ಬಿಟ್ಟಿದ್ದೆ. ಅವರು "ಈದ್ ತನಕ ಟೈಮ್ ಉಂಟಲ್ಲ" ಎಂದು ಸಹಿ ಹಾಕದೆ ಇಟ್ಟಿದ್ದಾರೆ.

ಈಗ ಕೇಳಬೇಕಾದ್ದೇ ಇಲ್ಲ. ನೀನು ಬಾ ಅನ್ನು, ಅನ್ನದಿರು, ನಾನು ಬರುವವಳೇ. ನಿನಗೆ ಓದಿ ಹೇಳಲಿಕ್ಕೆ ಒಬ್ಬಳು ಬೇಡವಾ? ಥೀಸಿಸ್ಸನ್ನೂ ನಾನೇ ಟೈಪ್ ಮಾಡುತ್ತೇನೆ. ನಿನ್ನ ಕೈ ಹಿಡಿದುಕೊಂಡು ಕಾಲೇಜಿಗೆ ಕರೆದುಕೊಂಡು ಹೋಗುತ್ತೇನೆ. ಉಮ್ಮನಿಗೂ ಹೇಳಲಿಕ್ಕೆ ಸುಲಭವಾಯಿತು, ಸಂಚಿತಾಳಿಗೆ ಹೀಗಾಗಿದೆ, ಪಾಪ ಅವಳನ್ನು ನೋಡಿಕೊಳ್ಳಲಿಕ್ಕೆ ಬಂದೆ ಎಂದರೆ ಬೀದಿಯೂ ಬಾಯಿ ಮುಚ್ಚುತ್ತದೆ.

ಯಾರಿಗೂ ಕೇಳಿಸದ ಹಾಗೆ ಓದು.

ನಿನ್ನ
ಸಬೀನಾ


ಮಂಗಳೂರು
17 ಮಾರ್ಚ್ 2025

ಪ್ರಿಯ ಸಬೀನಾ,

ಓದಿದೆ. ಎರಡು ಸಲ ಓದಿದೆ. ಎರಡನೆಯ ಸಲ ನಿಧಾನ ಮಾಡಿಕೊಂಡು.

ನನಗೆ ಓದಿ ಹೇಳಲಿಕ್ಕೆ ಬರುವುದಾದರೆ ಬರಬೇಡ. ಓದಿ ಹೇಳಲಿಕ್ಕೆ ಯಂತ್ರ ಉಂಟು. ಅದು ದಣಿಯುವುದಿಲ್ಲ, ಕುತೂಹಲಪಡುವುದಿಲ್ಲ, ಅದಕ್ಕೆ ಅಜ್ಜಿಯೂ ಇಲ್ಲ. ಥೀಸಿಸ್ಸನ್ನು ನಾನೇ ಟೈಪ್ ಮಾಡುತ್ತೇನೆ. ಬಸ್ಸಿಳಿದು ಕಾಲೇಜಿಗೆ ಹೋಗುವ ದಾರಿ ನನ್ನ ಕಾಲಿಗೆ ಗೊತ್ತು. ಮತ್ತೆ ಆ ಪಾಪ ಎಂಬ ಶಬ್ದ ಬರೆದಿದ್ದೀಯಲ್ಲ, ಅದನ್ನು ಉಮ್ಮನ ಮುಂದೆ ನನ್ನ ಹೆಸರಿನ ಜೊತೆ ಹೇಳಿದರೆ ನಾನು ನಿನ್ನ ಮುಖ ನೋಡುವುದಿಲ್ಲ. ಹೇಗೂ ನೋಡಲಾಗುವುದಿಲ್ಲ, ಆ ಮಾತು ಬೇರೆ.

ನಿನ್ನ ಮೊದಲನೆಯ ಕಾಗದದಲ್ಲಿ ಕಾರಣ ಇತ್ತಲ್ಲ, ಒಂದು ಕೋಣೆ, ಒಂದು ಬೋರ್ಡು? ಅದಕ್ಕಾಗಿ ಬರುವುದಾದರೆ ಬಾ. ಹುಚ್ಚಲ್ಲ ಅದು. ಉಮ್ಮನ ಎದುರು ಕೂತು ನಾನು ಹೇಳುತ್ತೇನೆ: ಅವಳು ಯಾರನ್ನೂ ನೋಡಿಕೊಳ್ಳಲು ಬಂದದ್ದಲ್ಲ, ಅವಳಿಗೆ ಕೆಲಸ ಮಾಡಬೇಕು, ಅದಕ್ಕೆ ಬಂದಳು ಎಂದು. ಉಮ್ಮ ಅತ್ತರೆ ಅಳಲಿ, ನಾನು ಏಳುವುದಿಲ್ಲ. ಬೀದಿ ಮಾತಾಡಿದರೆ ಮಾತಾಡಲಿ. ಶಾಹುಲ್‌ಗೆ ಇವತ್ತೇ ಹೇಳು.

ನಿನ್ನ ಅಂಗಡಿಯ ಕಂಪ್ಯೂಟರಿಗೆ ಎಲ್ಲವನ್ನೂ ಲ್ಯಾನ್ಸಿ ಹಾಕಿಕೊಡುತ್ತಾನಂತೆ. ಯಾರೋ ನನ್ನ ಗೆಳತಿ ಎಂದು ಮಾತ್ರ ಹೇಳಿದ್ದೇನೆ. ಒಂದು ಷರತ್ತು: ಆ ಹಳೆಯ ಸೀಡಿಯನ್ನು ಶಾರ್ಜಾದಲ್ಲೇ ಬಿಟ್ಟು ಬರಬೇಕು. ನಿನ್ನ ಅಂಗಡಿಯಲ್ಲಿ ಟೈಪಾದದ್ದನ್ನು ನನ್ನಂಥವರೂ ಓದುವ ಹಾಗಿರಬೇಕು.

ಬೆಳಿಗ್ಗೆ ಸರ್ವೋತ್ತಮ ಸರ್‌ಗೂ ನನ್ನ ಕಣ್ಣಿನ ವಿಷಯ ಹೇಳಿದೆ. ನಿನ್ನ ಕಾಗದ ಓದಿದ ಮೇಲೆ ಅಡಗಿಸಿಡುವುದು ಸಾಕೆನಿಸಿತು. ಅವರು ಎಷ್ಟು ಅಧ್ಯಾಯ ಉಳಿದಿದೆ ಎಂದು ಕೇಳಿದರು. ಆಮೇಲೆ "ಜೂನ್ ಅಂದ್ರೆ ಜೂನೇ, ಆಯ್ತಾ?" ಎಂದರು. ನನಗೆ ಎಷ್ಟು ಸಂತೋಷವಾಯಿತು ಎಂದು ಹೇಗೆ ಬರೆಯಲಿ.

ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಕೂತು ನಿನ್ನ ಕಾಗದವನ್ನು ಇಯರ್‌ಫೋನಿನಲ್ಲಿ ಇನ್ನೊಮ್ಮೆ ಹಾಕಿಕೊಂಡೆ. ಯಂತ್ರದ್ದು ಗಂಡಸಿನ ಸ್ವರ, ಏರಿಲ್ಲ, ಇಳಿವಿಲ್ಲ. ಅದು "ಕಳ್ಳೀ" ಎಂದದ್ದನ್ನು ನೀನು ಕೇಳಬೇಕಿತ್ತು, ಹಾಜರಿ ಕರೆದ ಹಾಗೆ ಕರೆಯಿತು. ನನಗೆ ನಗು ತಡೆಯಲಾಗಲಿಲ್ಲ. ಹಸ್ನಾ ಎದುರಿಗೇ ಕೂತು ಅಸೈನ್‌ಮೆಂಟ್ ಬರೆಯುತ್ತಿದ್ದಳು.

"ಎಂತ ಮ್ಯಾಮ್, ಒಬ್ಬರೇ ನಗ್ತಾ ಇದ್ದೀರಿ?" ಎಂದು ಕೇಳಿದಳು.

"ಎಂತ ಇಲ್ಲ ಹಸ್ನಾ" ಎಂದೆ. "ಕಾಗದ ಓದ್ತಾ ಇದ್ದೇನೆ."

ನಿನ್ನ
ಸಂಚಿತಾ